ಒತ್ತಿದ ಸ್ಪ್ರಿಂಗಿನ ಮೇಲೊಂದು ಟೋಪಿ

ರೈಲು ಬೋಗಿಯ ಸ್ಪ್ರಿಂಗುಗಳನ್ನು ಬಲ್ಲವರು ಸ್ಲೊವೇನಿಯಾದಲ್ಲಿ ಅನೇಕರಿದ್ದಾರೆ. ಆದರೆ ದ್ರಾವಾ ನದಿಯ ದಂಡೆಯ ನಮ್ಮ ದುರಸ್ತಿ ಕಾರ್ಯಾಗಾರದ ಎರಡು ತಲೆಮಾರಿಗೆ ಅವುಗಳ ಭಯವನ್ನೂ ಪ್ರೀತಿಯನ್ನೂ ಒಟ್ಟಿಗೇ ಕಲಿಸಿದವರು ಶ್ರೀಮತಿ ಜೆರ್ನೇಯಾ ಕೊಬಾಲ್ ಒಬ್ಬರೇ. ಈಗ ನಿವೃತ್ತರಾಗುತ್ತಿರುವ ಅವರಿಗೆ ಮೊದಲು ಶಿಷ್ಯೆಯಾಗಿ, ಬಳಿಕ ಸಹೋದ್ಯೋಗಿಯಾಗಿದ್ದ ನನಗೆ ಈ ನಾಲ್ಕು ಮಾತು ಬರೆಯುವ ಭಾಗ್ಯ ದೊರೆತಿದೆ.

ಅವರು ತರಬೇತಿ ವಿಭಾಗಕ್ಕೆ ಬರುವ ಮುನ್ನ ಹಲಗೆಯ ಮೇಲೆ ಸೂತ್ರ ಬರೆದರೆ ಪಾಠ ಮುಗಿಯುತ್ತಿತ್ತು. ಅವರು ನಮ್ಮನ್ನು ತಿರುಪು ತಿರುಗಿಸಿ ಒತ್ತುವ ಕೈಪ್ರೆಸ್ಸಿನ ಮುಂದೆ ನಿಲ್ಲಿಸಿ ಸ್ಪ್ರಿಂಗನ್ನು ಒಂದು ಬೆರಳುದ್ದ ಒತ್ತಿಸಿದರು, ಆಮೇಲೆ ಇನ್ನೊಂದು ಬೆರಳುದ್ದ. ಎರಡನೆಯ ಸಲ ತೋಳು ಬಿದ್ದೇಹೋಗುವಂತಾಗುತ್ತಿತ್ತು. “ಒತ್ತಿದ್ದು ಎರಡರಷ್ಟು, ಒಳಗೆ ಕೂತಿರೋ ಶಕ್ತಿ ನಾಲ್ಕರಷ್ಟು. ಅದು ನಿಮ್ಮ ಬೆವರೇ, ವಾಪಸ್ ಕೊಟ್ಟೇ ಕೊಡುತ್ತೆ. ನಿಧಾನಕ್ಕೆ ಇಸ್ಕೋತೀರೋ, ಮುಖಕ್ಕೆ ಹೊಡೆಸ್ಕೋತೀರೋ ನೋಡಿ,” ಎನ್ನುತ್ತಿದ್ದರು. ನನ್ನ ತಾಯಿ ಹಾಸಿಗೆ ಹಿಡಿದ ಚಳಿಗಾಲದಲ್ಲಿ ತಮ್ಮ ಪಾಳಿ ಮುಗಿಸಿ ನನ್ನ ಪಾಳಿಯನ್ನೂ ಮಾಡಿದರು. ಕೃತಜ್ಞತೆ ಹೇಳಹೋದರೆ ಪ್ರೆಸ್ಸಿಗೆ ಎಣ್ಣೆ ಹಾಕಿಲ್ಲವೆಂದು ಬೈದು ಕಳಿಸಿದರು.

ಒತ್ತಿ ಬಿಗಿದ ಸ್ಪ್ರಿಂಗನ್ನು ಪ್ರೆಸ್ಸಿನಲ್ಲೇ ಬಿಟ್ಟು ಹೋಗುವವರು ತಮ್ಮ ಟೋಪಿಯನ್ನು ಅದರ ಮೇಲಿಟ್ಟು ಹೋಗಬೇಕೆಂಬುದು ಅವರು ತಂದ ರೂಢಿ. ಟೋಪಿ ಇದ್ದರೆ ಯಾರೂ ಮುಟ್ಟುವಂತಿಲ್ಲ; ಇಲ್ಲದಿದ್ದರೆ ಸ್ಪ್ರಿಂಗು ಸಡಿಲವಾಗಿದೆ ಎಂದರ್ಥ. ಒಂದು ಕೊರೆಯುವ ಫೆಬ್ರವರಿಯಲ್ಲಿ ನನ್ನ ಪತಿ ದ್ರಾಗೊ (ಆಗಿನ್ನೂ ಪತಿಯಾಗಿರಲಿಲ್ಲ) ಹಾಗೆಯೇ ಟೋಪಿ ಇಟ್ಟರು. ಹುಳಿಕೋಸಿನ ಸಾರಿನ ವಾಸನೆ ಬಂದೊಡನೆ, ಚಳಿಯೆಂದು ಅದೇ ಟೋಪಿ ತಲೆಗೇರಿಸಿ ಊಟಕ್ಕೆ ನಡೆದರು. ಮರಳಿ ಬಂದು ನೋಡಿದರೆ ಪ್ರೆಸ್ಸಿನ ಮೇಲೆ ಟೋಪಿಯಿಲ್ಲ. ಯಾರೋ ಸಡಿಲಿಸಿರಬೇಕೆಂದುಕೊಂಡು ಅದರ ಮೇಲೆ ಬಗ್ಗಿ, ಸ್ಪ್ರಿಂಗನ್ನು ಹಿಡಿದಿಡುವ ತಡೆಗೂಟವನ್ನು ಹೊಡೆದು ತೆಗೆಯಲು ಸುತ್ತಿಗೆ ಎತ್ತಿದರು. ಎದುರಿಗೇ ಇದ್ದ ನಾನು ಕಿರುಚಿದ್ದರೆ, ಬೆಚ್ಚಿದ ಅವರ ಕೈಯಿಂದ ಸುತ್ತಿಗೆ ಗೂಟದ ಮೇಲೇ ಬಿದ್ದುಬಿಡುತ್ತಿತ್ತು. ಜೆರ್ನೇಯಾ ಅವರು ಕಾಫಿ ಬೇಕೇ ಎಂದು ಕೇಳುವ ದನಿಯಲ್ಲಿ ಕೇಳಿದರು:

“ದ್ರಾಗೊ, ತಲೆ ಮೇಲಿರೋದು ಯಾರ ಟೋಪಿನಪ್ಪಾ?”

“ನಂದೇ ಮೇಡಂ, ಯಾಕೆ?”

“ಊಟಕ್ಕೆ ಮುಂಚೆ ಎಲ್ಲಿಟ್ಟಿದ್ದೆ?”

ದ್ರಾಗೊ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟು ನೆಲದ ಮೇಲೇ ಕೂತುಬಿಟ್ಟರು. ಜೆರ್ನೇಯಾ ಅವರು ಎಲ್ಲರನ್ನೂ ಪಕ್ಕಕ್ಕೆ ಸರಿಸಿ, ತಿರುಪನ್ನು ತಾವೇ ಒಂದೊಂದೇ ಸುತ್ತು ಸಡಿಲಿಸಿದರು. ಸ್ಪ್ರಿಂಗು ತನ್ನೊಳಗಿದ್ದುದನ್ನೆಲ್ಲ ಅವರ ಕೈಗೆ ಸದ್ದಿಲ್ಲದೆ ಒಪ್ಪಿಸಿತು. ಆಮೇಲೆ ದ್ರಾಗೊಗೆ ಇನ್ನೊಂದು ಬಟ್ಟಲು ಸಾರು ಕುಡಿಸಿ, “ನಾಳೆಯಿಂದ ಎರಡು ಟೋಪಿ ತಗೊಂಡ್ ಬಾ,” ಎಂದರು. ಬೇರೆ ಶಿಕ್ಷೆಯಿರಲಿಲ್ಲ.

ಅವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಇರಲಿ. ವಾರಕ್ಕೊಮ್ಮೆಯಾದರೂ ಬಂದು ನಮ್ಮನ್ನು ಬೈಯುವ ಸೇವೆ ನಿಲ್ಲದಿರಲಿ. ಅಭಿನಂದನೆಯ ದಿನ ದ್ರಾಗೊ ಅಕಾರ್ಡಿಯನ್ ನುಡಿಸಲಿದ್ದಾರೆ. ಅದನ್ನು ಕೇಳುವುದು ಎಷ್ಟು ಕಷ್ಟವೆಂದು ಇಡೀ ಊರಿಗೆ ಗೊತ್ತು. ಆದರೂ ಮೇಡಂ, ಕೊನೆಯವರೆಗೂ ಕೇಳಿ. ಆ ಹತ್ತು ಬೆರಳೂ ನೀವು ಉಳಿಸಿಕೊಟ್ಟವು.