ಶುಕ್ರನ ಹಿಂದೆ ಔರಾದಿಗೆ

ಹರೇದಾಗ ನಾನು ಸಂಜಿಮುಂದ ಭಾಲ್ಕಿಯಿಂದ ಔರಾದಿಗೆ ಕುರಿ ಹೊಡಕೊಂಡು ಹೋಗಿದ್ದು ಶುಕ್ರನ್ನ ಎದುರಿಗಿಟ್ಟುಕೊಂಡೇ. ಜೋಡಿ ಇದ್ದವರು ಯಾರೂ ಈಗ ಉಳಿದಿಲ್ಲ, ಇದ್ದಿದ್ರ ಕೇಳಬಹುದಿತ್ತು.

ಮೊನ್ನೆ ಸಂಜಿಮುಂದ ನಮ್ಮ ಬೀದರ ಮನಿಗಿ ಬಂದ ಭಾಲ್ಕಿ ಬೀಗರಿಗಿ ಇದನ್ನ ಹೇಳಿದ್ರ, "ಹಾಂಗಾದ್ರ ಶುಕ್ರನ್ನ ತೋರಸ್ರಿ" ಅಂದರು. ಬೀಗರ ಮುಂದ ಮರ್ಯಾದಿ ಪ್ರಶ್ನೆ! ಮಾಳಿಗಿ ಹತ್ತಿ ಮೂಡಲಕ್ಕ ನೋಡಿದೆ. ಏನೂ ಇಲ್ಲ. ಕಣ್ಣು ತಿಕ್ಕೊಂಡು ನೋಡಿದರೂ ಇಲ್ಲ.

"ಮಾವ, ಹಿಂದ ನೋಡ್ರಿ" ಅಂದಳು ಸೊಸಿ. ಪಡುವಲದಾಗ, ನೀರಿನ ಟಾಕಿ ಮ್ಯಾಲ ಫಳಫಳ ಹೊಳೀತಿದ್ದ. ಅಲ್ಲಿಗ್ಯಾಕ ಹೋದನೋ, ನನಗ ತಿಳೀಲಿಲ್ಲ.

ಬೀಗರು ನಕ್ಕರು. "ಸಂಜಿ ಶುಕ್ರ ಯಾವಾಗಲೂ ಪಡುವಲಕ್ಕೇ ಇರ್ತಾನ್ರಿ. ನಮ್ಮೂರಿಗಿ ಔರಾದ ಮೂಡಲಕ್ಕ ಅದ. ಅವನ್ನ ಎದುರಿಗಿಟ್ಕೊಂಡು ಹ್ಯಾಂಗ ಮುಟ್ಟಿದಿರಿ?"

ಟವಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡೆ.

"ಹಾದಿ ಕುರಿಗಿ ಗೊತ್ತಿತ್ತು ಬಿಡ್ರಿ. ನಾ ಶುಕ್ರನ್ನ ನೋಡ್ಕೋತ ಹಿಂದ್ಹಿಂದಕ್ಕ ನಡದಿರಬೇಕು."