ಬುಖಾರ ಅಂತ ಬರದಿದ್ದು

ಆಗ ನನಗ ಹತ್ತೊಂಬತ್ತು. ಅರವತ್ತು ವರ್ಷದ ಹಿಂದಿನ ಮಾತು, ನಿಜಾಮರ ಕಾಲ. ನೆನಪಾಗಿದ್ದು ಮೊನ್ನೆ, ಬಾಜೂಮನಿ ಕೂಸು ತೀರಿದ ಮ್ಯಾಲೆ ದವಾಖಾನಿ ಹುಡುಗಿ ಸಾವಿನ ಕಾರಣ ಬರಕೊಳ್ಳಾಕ ಒಂದು ಕಾಗದ ಹಿಡಕೊಂಡು ಬಂದಾಗ. ಕೂಸಿನ ಅಪ್ಪನ್ನ ಕಟ್ಟಿ ಮ್ಯಾಲೆ ಕುಂದ್ರಿಸಿ ಓದಿ ಓದಿ ಕೇಳತಿದ್ಲು: ಉಸರು ಜೋರಿತ್ತೇನ್ರಿ? ಎದಿ ಪಕ್ಕಿ ಒಳಗ ಎಳಕೊಂತಿತ್ತೇನ್ರಿ? ಇದ್ದೀತ್ರಿ, ಅಂದ ಅಂವ. ಕೂಸಿನ ಅವ್ವ ಬಾಗಿಲ ಹಿಂದ ನಿಂತಿದ್ಲು.

ನನ್ನ ಮಗಳು ಗಂಗವ್ವ ಆಗ ಎಂಟು ತಿಂಗಳಾಕಿ. ಯಲಬುರ್ಗಿ ಕಡೆ ನಮ್ಮ ಊರಾಗ, ಚಳಿಗಾಲ. ಮೂರು ದಿನ ಕೆಮ್ಮಿದ್ಲು. ನಾಕನೇ ದಿನ ಉಸರು ಎಳದಾಗೊಮ್ಮೆ ಪಕ್ಕಿ ಕುಣಿ ಬೀಳತಿತ್ತು. ಮೈ ಸುಡತಿರಲಿಲ್ಲ, ತಣ್ಣಗಿತ್ತು. ಅತ್ತಿ ಗಾಜಿನ ಬಳಿ ತುಂಡು ಕಾಸಿ ಹೊಟ್ಟಿಗೆ ಬರಿ ಕೊಟ್ಟರು. ಕೂಸಿನ ಕೈಕಾಲು ಹಿಡದಾಕಿ ನಾನ. ಮಧ್ಯಾಹ್ನಕ್ಕ ಹೋತು.

ಸಾವಿನ ಸುದ್ದಿ ಚಾವಡಿಗೆ ಹೇಳಾವ ಗಂಡಸು. ಮಾವ ಹ್ವಾದ್ರು. ಆ ನಾಕು ದಿನ ಅವರು ಜ್ವಾಳ ಕಾಯಾಕ ಹೊಲದಾಗಿದ್ರು, ಕೂಸಿನ ಮಾರಿ ನೋಡಿಲ್ಲ. ಏನಾಗಿತ್ತು ಅಂತ ಕುಲಕರ್ಣೇರು ಕೇಳಿದ್ರಂತ. ಬುಖಾರ ಬರಕೋರಿ ಅಂದೆ, ಅಂತ ಮಾವ ಮನಿಗೆ ಬಂದು ಹೇಳಿದ್ರು. ಚಾವಡ್ಯಾಗ ಜ್ವರಕ್ಕ ಹಂಗ ಅಂತಿದ್ರು. ಬುಖಾರ ಅಲ್ಲರಿ ಮಾವಾರ, ಅನ್ನೂ ಮಾತು ನಾಲಿಗಿ ತುದಿಗೆ ಬಂತು, ನುಂಗಿದೆ. ಈಗ ಓಣಿಗೆಲ್ಲಾ ಬೈತೀನಿ. ಆಗ ಬಾಯಿ ಇರಲಿಲ್ಲ.

ಆ ಚಳಿಗೆ ಓಣ್ಯಾಗ ಮತ್ತ ಮೂರು ಕೂಸು ಹ್ವಾದ್ವು. ಎಲ್ಲಾ ಬುಖಾರ. ಬರದಿದ್ದು ನೋಡಿ ಸರ್ಕಾರದವರು ಬುಖಾರದ ಗುಳಿಗಿ ಕಳಿಸಿದ್ರು, ಬೇವಿಗಿಂತ ಕಹಿ. ನನ್ನ ನೆಗೆಣ್ಣಿ, ಮನಿ ಇನ್ನೊಬ್ಬ ಸೊಸಿ, ಅಕಿ ಕೂಸಿಗೂ ಅದ ಕೆಮ್ಮು. ಕೊಪ್ಪಳದ ದವಾಖಾನಿಗೆ ಬಂಡಿ ಕಟ್ಟಸಾಕಿ ಇದ್ಲು, ಗುಳಿಗಿ ಬಂದ್ವಲ್ಲ ಅಂತ ಬಿಟ್ಲು. ಅರದು ಕುಡಿಸಿದ್ಲು. ನಾನು ಒಲಿ ಮುಂದ ಕುಂತು ನೋಡಿದೆ. ಇದು ಬುಖಾರ ಅಲ್ಲಬೇ, ಅನಬೇಕಿತ್ತು. ಎರಡನೇ ದಿನ ಆ ಕೂಸಿನ ಪಕ್ಕಿ ಆಡೂದೂ ನಿಂತಿತು.

ಅದಕ್ಕ ಮೊನ್ನೆ ನಾನಾಗೇ ಬಾಯಿ ಹಾಕಿದೆ.

"ಏ ತಂಗಿ, ಅಂವನ್ನೇನು ಕೇಳತಿ? ಕೂಸು ಎತ್ತಕೊಂಡಾಕಿನ್ನ ಕೇಳು."

ಹುಡುಗಿ ಒಳಗ ಹ್ವಾದ್ಲು. ಭಾಳ ಹೊತ್ತು ಹೊರಗ ಬರಲಿಲ್ಲ.

ಮರುದಿನ ಮುಂಜಾನಿ ಅಕಿನ್ನ ದಾರ್ಯಾಗ ತರುಬಿ ನಮ್ಮ ಕಟ್ಟಿ ಮ್ಯಾಲೆ ಕುಂದ್ರಿಸಿದೆ. ನಂದೂ ಒಂದೈತಿ, ಎಂಟು ತಿಂಗಳಾಕಿ, ಅಂದೆ. ಯಾವಾಗಿಂದು ಅಂತ ಕೇಳಿದ್ಲು, ಹೇಳಿದೆ.

"ಅಷ್ಟು ಹಳೇದು ಇದರಾಗ ಬರಂಗಿಲ್ಲ, ಆಯಿ."

"ಬರೀಬ್ಯಾಡ. ಕೇಳು ಅಷ್ಟ."

ಕಾಗದ ಬಿಚ್ಚಿ ಉಸರಿನಿಂದ ಸುರು ಮಾಡಿದ್ಲು. ಒಂದೊಂದಕ್ಕೂ ಜವಾಬು ಕೊಟ್ಟೆ.