ಅಲುಗಾಡಬೇಡಿ ಅಕ್ಕ

ಫೋಟೋ ಸ್ಟುಡಿಯೋದ ಅಕ್ಕನಿಗೆ ಬೀದಿಯವರು ಇಟ್ಟ ಹೆಸರು ‘ಅಲುಗಾಡಬೇಡಿ ಅಕ್ಕ’. ಅಪ್ಪನಿಂದ ಅವಳಿಗೆ ಬಂದದ್ದು ಒಂದು ಕ್ಯಾಮೆರಾ, ಅದರ ಸ್ಟ್ಯಾಂಡು ಮತ್ತು ಈ ಒಂದು ಮಾತು. ಪಾಸ್‌ಪೋರ್ಟ್ ಸೈಜಿನ ಮುಖಗಳಿಗೆ ಮೂವತ್ತು ವರ್ಷ ಅದನ್ನೇ ಹೇಳಿ ಹೇಳಿ ನಾಲಿಗೆಗೆ ಅಂಟಿಹೋಗಿತ್ತು.

ರಸ್ತೆ ಅಗಲ ಮಾಡಲು ಬೀದಿಯ ಒಂದು ಮಗ್ಗುಲಿನ ಗೋಡೆಗಳ ಮೇಲೆಲ್ಲ ಕೆಂಪು ಗುರುತು ಬಿದ್ದಾಗ ಉಳಿದವರು ತಲೆಯ ಮೇಲೆ ಕೈಹೊತ್ತು ಕೂತರು. ಅಕ್ಕ ಸ್ಟ್ಯಾಂಡು ಹೆಗಲಿಗೇರಿಸಿಕೊಂಡು ಹೊರಟಳು. ಕೆಡವುವ ಮೊದಲು ಪ್ರತಿ ಮನೆಯದೂ ಫೋಟೋ ಆಗಬೇಕು. ಕೇಳಿದವರಿಲ್ಲ, ಹೇಳಿದವರಿಲ್ಲ. ಮೊದಲ ದಿನ ದರ್ಜಿಯ ಮನೆಯೆದುರು ಕಣ್ಣು ಕಿರಿದು ಮಾಡಿ, ಅಭ್ಯಾಸಬಲದಿಂದ ಗೋಡೆಗೇ “ಅಲುಗಾಡಬೇಡಿ” ಅಂದುಬಿಟ್ಟಳು. ಜೆಸಿಬಿ ಡ್ರೈವರ್ ಹೊಟ್ಟೆ ಹುಣ್ಣಾಗುವಂತೆ ನಕ್ಕ. ಆದರೂ ಅವಳು ಮುಗಿಸುವ ತನಕ ಯಂತ್ರ ಶುರು ಮಾಡಲಿಲ್ಲ. ಮುಂದೆ ಅದೇ ರೂಢಿಯಾಯಿತು.

ಅವಳ ಕಣ್ಣನ್ನು ಮೆಚ್ಚಲೇಬೇಕು. ಮುಂಬಾಗಿಲ ಅಂದ ಅವಳಿಗೆ ಬೇಕಿರಲಿಲ್ಲ. ಒಲೆಯ ಹಿಂದಿನ ಮಸಿ, ಸ್ವಿಚ್ಚಿನ ಸುತ್ತ ಹತ್ತಿದ ಬೆರಳಿನ ಕೊಳೆ, ಹೊಲಿಗೆ ಯಂತ್ರದಡಿ ಸವೆದ ನೆಲ, ಇವನ್ನೇ ಹುಡುಕಿ ತೆಗೆಯುತ್ತಿದ್ದಳು. ಇದೇನು ಹುಚ್ಚು ಎಂದಿದ್ದ ದರ್ಜಿ, ತಿಂಗಳ ಮೇಲೆ ಬಂದು ಆ ನೆಲದ ಫೋಟೋ ನೋಡಿ ಗಳಗಳನೆ ಅತ್ತ.

ನಿಮ್ಮ ಸ್ಟುಡಿಯೋದ್ದು ಯಾವಾಗ ತೆಗೀತೀರಿ ಎಂದು ಡ್ರೈವರ್ ಕೇಳಿದಾಗಲೆಲ್ಲ, ನಮ್ಮದೆಲ್ಲಿ ಓಡಿಹೋಗುತ್ತೆ ಎನ್ನುತ್ತಿದ್ದಳು. ಕೊನೆಗೆ ಅದರ ಸರದಿಯೂ ಬಂತು. ಆ ಬೆಳಗ್ಗೆ, ಕರೆಂಟು ಕಿತ್ತ ಸ್ಟುಡಿಯೋದೊಳಗೆ, ಅಪ್ಪ ಬಣ್ಣ ಬಳಿದಿದ್ದ ನೀಲಿ ಗೋಡೆಯೆದುರು ಸ್ಟ್ಯಾಂಡು ನಿಲ್ಲಿಸಿದಳು. ಬಟನ್ನಿನ ಮೇಲೆ ಬೆರಳಿಟ್ಟಳು, ಹಿಂದಕ್ಕೆ ತೆಗೆದುಕೊಂಡಳು. ಹೀಗೆ ಮೂರು ಸಲ. ಕೆಡವಿದ ಮನೆಗಳೆಲ್ಲ ಅವಳ ಬಳಿ ಇದ್ದವು, ತನ್ನದೊಂದೇ ಇರಲಿಲ್ಲ. ಈಗ ತೆಗೆಯದಿದ್ದರೆ ಇನ್ನೆಂದೂ ಇಲ್ಲ ಎಂದು ಗೊತ್ತಿದ್ದೂ ಒತ್ತಲು ಕೈ ಬರಲಿಲ್ಲ.

ಹೊರಗೆ ಕಾಯುತ್ತಿದ್ದ ಡ್ರೈವರ್ ಯಂತ್ರ ಬಿಟ್ಟು ಇಳಿದು ಬಂದ.

“ಅಕ್ಕ, ನೀವು ಹೋಗಿ ಅಲ್ಲಿ ನಿಂತ್ಕೊಳ್ಳಿ. ಎಲ್ಲಿ ಒತ್ಬೇಕು ಅಂತ ತೋರಿಸಿ ಸಾಕು.”

ತೋರಿಸಿದಳು. ಬೆಳಕು ಕಡಿಮೆ, ಫೋಟೋ ಬೀಳಲು ನಾಲ್ಕು ಸೆಕೆಂಡು ಬೇಕಾಗುತ್ತೆ ಎಂದಳು. ಹೋಗಿ ನಿಂತಳು. ಇಷ್ಟು ವರ್ಷದಲ್ಲಿ ಆ ಗೋಡೆಗೆ ಬೆನ್ನು ಕೊಟ್ಟು ಅವಳು ನಿಂತದ್ದು ಅದೇ ಮೊದಲು.

“ಅಲುಗಾಡಬೇಡಿ,” ಅಂದ ಡ್ರೈವರ್. ಈ ಸಲ ನಗಲಿಲ್ಲ.

ಆ ಫೋಟೋ ಈಗ ಅವಳ ಬಾಡಿಗೆ ಕೋಣೆಯಲ್ಲಿದೆ. ನೀಲಿ ಗೋಡೆ, ಅದರ ಬಿರುಕು, ಕನ್ನಡಿ ತೂಗುಹಾಕಿದ್ದ ಮೊಳೆ, ಎಲ್ಲ ಸ್ಪಷ್ಟವಾಗಿ ಬಂದಿವೆ. ಅಲುಗಾಡಿದ್ದು ಅಕ್ಕ ಒಬ್ಬಳೇ.